ಹೊಸ ತಂತ್ರವನ್ನು ಕೈಗೆ ಒಗ್ಗಿಸಿಕೊಳ್ಳುವ ಕ್ರಮ: ಕಾಸರಗೋಡಿನ ಹವೆಯಲ್ಲಿ ಜಲವರ್ಣ ಅಭ್ಯಾಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ನೀಲೇಶ್ವರದವರೆಗೆ ಬಿಡುವಿನ ವೇಳೆಯಲ್ಲಿ ಜಲವರ್ಣದ ಚಿತ್ರ ಬರೆಯುವ ಅನೇಕರಿಂದ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ವೀಡಿಯೊದಲ್ಲಿ ತೋರಿಸಿದ ಕಾಗದವನ್ನೇ ತರಿಸಿ, ಅದೇ ಬಣ್ಣಗಳನ್ನು ಕಲಸಿ, ಅದೇ ಕ್ರಮದಲ್ಲಿ ಹಚ್ಚಿದರೂ ಆಕಾಶದ ನಡುವೆ ಹರಕು ಅಂಚಿನ ಕಲೆಗಳು ಏಳುತ್ತವೆ, ಎರಡನೆಯ ಪದರ ಹಚ್ಚಿದೊಡನೆ ಮೊದಲನೆಯದು ಕದಡಿ ಕೆಸರಾಗುತ್ತದೆ, ಮಂಜಿನಂತೆ ಕರಗಬೇಕಾಗಿದ್ದ ಗುಡ್ಡೆ ಗಟ್ಟಿ ಗೆರೆಯಾಗಿ ನಿಲ್ಲುತ್ತದೆ. ಇದಕ್ಕೆ ಕೈಯಲ್ಲಿ ಕೌಶಲ ಇಲ್ಲದಿರುವುದು ಕಾರಣವಲ್ಲ. ಹೊಸ ಕಾಗದ, ಹೊಸ ಬಣ್ಣ, ಹೊಸ ತಂತ್ರ ಎಲ್ಲವನ್ನೂ ಒಟ್ಟಿಗೆ ತಂದು ನೇರವಾಗಿ ಪೂರ್ಣ ಚಿತ್ರದ ಮೇಲೆ ಪ್ರಯೋಗಿಸುವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಅದರ ಜೊತೆಗೆ, ಒಣ ಹವೆಯ ಕೋಣೆಯಲ್ಲಿ ಕುಳಿತವರು ಹೇಳುವ "ಐದು ನಿಮಿಷ ಬಿಡಿ" ಎಂಬ ಮಾತು ಮಳೆ ಸುರಿಯುವ ಆಟಿ ತಿಂಗಳಿನ ನಮ್ಮ ಚಾವಡಿಗೆ ಅನ್ವಯಿಸುವುದಿಲ್ಲ.

ಮುಂದಿನ ಹಂತಗಳು ಕಾಗದದ ಮೇಲಿನ ಪಾರದರ್ಶಕ ಜಲವರ್ಣಕ್ಕೆ ಮಾತ್ರ ಸಂಬಂಧಿಸಿದವು. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಹೆಚ್ಚಿನ ಸೋಲುಗಳು ಐದನೆಯ ಹಂತವನ್ನು ಬಿಟ್ಟು ಏಳನೆಯದಕ್ಕೆ ಹಾರುವುದರಿಂದ ಉಂಟಾಗುತ್ತವೆ.

## 1. ಗುರಿಯನ್ನು ಪರಿಶೀಲಿಸಬಲ್ಲ ಒಂದು ವಾಕ್ಯದಲ್ಲಿ ಬರೆಯಿರಿ

"ಬೇಕಲ ಕೋಟೆಯನ್ನು ಚೆನ್ನಾಗಿ ಬಿಡಿಸಬೇಕು" ಎಂಬುದು ಆಸೆ. ಅದು ಈಡೇರಿತೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳಲಾರರು. "ಒಂದರ ಹಿಂದೆ ಒಂದಿರುವ ಮೂರು ಗುಡ್ಡೆಗಳಲ್ಲಿ ಹಿಂದಿನ ಎರಡರ ನೆತ್ತಿಯಲ್ಲಿ ಗಟ್ಟಿ ಗೆರೆ ಬಾರದಂತೆ, ಮೂರನೆಯದರಲ್ಲಿ ಮಾತ್ರ ಸ್ಪಷ್ಟ ಗೆರೆ ಬರುವಂತೆ ಹಚ್ಚಬೇಕು" ಎಂಬುದು ಗುರಿ. ಕಾಗದವನ್ನು ಎದುರಿಗೆ ಹಿಡಿದರೆ ಸಾಧಿಸಿದಿರೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ಗುರಿಯ ವಾಕ್ಯದಲ್ಲಿ ಒಂದು ತಂತ್ರ ಮತ್ತು ಒಂದು ವಸ್ತು ಮಾತ್ರ ಇರಲಿ. ಮಂಜು, ಪ್ರತಿಬಿಂಬ, ಜನರ ಗುಂಪು ಈ ಮೂರನ್ನೂ ಒಂದೇ ವಾಕ್ಯಕ್ಕೆ ತುಂಬಿದರೆ ಅದನ್ನು ಮೂರಾಗಿ ಒಡೆದು, ಮೊದಲನೆಯದನ್ನು ಉಳಿಸಿಕೊಂಡು, ಉಳಿದವನ್ನು ಪುಸ್ತಕದ ಹಿಂದಿನ ಪುಟಕ್ಕೆ ಬರೆದಿಡಿ. ತಮ್ಮದೇ ಶೈಲಿ ಬೇಕೆಂದು ಆತುರಪಡುವವರಿಗೂ ನನ್ನ ಸಲಹೆ ಇದೇ. ನೋಡಿದ್ದನ್ನು ಕೈ ತಡವರಿಸದೆ ಇಳಿಸಲು ಸಾಧ್ಯವಾದ ಮೇಲೆ ಶೈಲಿಯ ಪ್ರಶ್ನೆ ತಾನಾಗಿ ಸಣ್ಣದಾಗುತ್ತದೆ.

## 2. ತಂತ್ರವನ್ನು ಋತುವಿಗೆ ಹೊಂದಿಸಿ

ನಮ್ಮಲ್ಲಿ ಜೂನ್ ಆರಂಭದ ಹೊತ್ತಿಗೆ ಹಿಡಿಯುವ ಮಳೆ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವವನ್ನು ತುಂಬಿಟ್ಟಿರುತ್ತದೆ. ಕಾಗದ ನಿಧಾನವಾಗಿ ಒಣಗುತ್ತದೆ. ಹೆಚ್ಚಿನವರು ಇದನ್ನು ತೊಂದರೆ ಎಂದೇ ತಿಳಿಯುತ್ತಾರೆ, ಆದರೆ ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಹರಿಸುವ ತಂತ್ರಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಒಣ ಪ್ರದೇಶದವರು ಕಾಗದದ ಹಿಂಬದಿಗೂ ನೀರು ಹಚ್ಚಿ, ಸ್ಪ್ರೇ ಹೊಡೆದು ಪಡೆಯುವ ಬಿಡುವು ನಮಗೆ ಕೇಳದೆಯೇ ಸಿಗುತ್ತದೆ.

ಪದರದ ಮೇಲೆ ಪದರ ಹಚ್ಚುವ ಗ್ಲೇಜಿಂಗ್‌ಗೆ, ಮಳೆ ಬಿಟ್ಟುಬಿಟ್ಟು ಬರುವ ಅಕ್ಟೋಬರ್, ನವೆಂಬರ್ ಸೂಕ್ತ. ಕುಂಚವನ್ನು ಬಹುಪಾಲು ಒಣಗಿಸಿ ಎಳೆಯುವ ಡ್ರೈ ಬ್ರಷ್ ಮತ್ತು ಹೊರಗೆ ಕುಳಿತು ಬರೆಯುವ ಅಭ್ಯಾಸವನ್ನು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಟ್ಟುಕೊಳ್ಳಿ. ಮಾರ್ಚ್ ನಂತರದ ಬಿಸಿಲಿನಲ್ಲಿ ಬಣ್ಣ ತಟ್ಟೆಯಲ್ಲೇ ಒಣಗತೊಡಗುವುದರಿಂದ ಅಗಲ ಜಾಗಕ್ಕೆ ನೀರಾದ ಬಣ್ಣ ಹರಡುವ ದೊಡ್ಡ ವಾಶ್‌ಗಳನ್ನು ಬಿಟ್ಟು, ಬೆಳಿಗ್ಗೆ ನೆರಳಿನಲ್ಲಿ ಸಣ್ಣ ಅಳತೆಯ ಚಿತ್ರಗಳನ್ನು ಮಾಡುವುದು ಒಳ್ಳೆಯದು. ಜುಲೈ ತಿಂಗಳಿನಲ್ಲಿ ಡ್ರೈ ಬ್ರಷ್ ಕಲಿಯಲು ಕುಳಿತವರ ಕಾಗದ ಮುಟ್ಟಲು ಒಣಗಿದಂತಿದ್ದರೂ ಒಳಗೆ ತೇವ ಹಿಡಿದಿರುತ್ತದೆ. ಬಣ್ಣ ಕಾಗದದ ಉಬ್ಬುಗಳ ಮೇಲೆ ನಿಲ್ಲದೆ ತಗ್ಗುಗಳಿಗೂ ಹರಡಿ, ಒರಟು ಗುರುತಿನ ಬದಲು ಮಂಕಾದ ಪಟ್ಟಿ ಉಳಿಯುತ್ತದೆ.

## 3. ಸಾಮಗ್ರಿ: ಕಡಿಮೆ, ಆದರೆ ಬದಲಾಗದಂಥದ್ದು

ಪ್ರಯೋಗದ ಅವಧಿ ಮುಗಿಯುವವರೆಗೆ ಸಾಮಗ್ರಿಯನ್ನು ಬದಲಿಸಬಾರದು ಎಂಬುದು ಇಲ್ಲಿ ಮುಖ್ಯವಾದ ಮಾತು.

ಕಾಗದ. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ನೂರಕ್ಕೆ ನೂರು ಹತ್ತಿಯ ಕಾಗದವನ್ನು ಆರಿಸಿ. ಮರದ ತಿರುಳಿನ ಕಾಗದ ಅಗ್ಗ, ಆದರೆ ಅದರ ಮೇಲೆ ನೀರು ಸಮನಾಗಿ ನಿಲ್ಲುವುದಿಲ್ಲ ಮತ್ತು ಒದ್ದೆ ತಂತ್ರಕ್ಕೆ ಬೇಕಾದ ಸಮಯ ಸಿಗುವುದಿಲ್ಲ. 22×30 ಅಂಗುಲದ ಪೂರ್ತಿ ಹಾಳೆ ಕೊಂಡು ನಾಲ್ಕಾಗಿ ಕತ್ತರಿಸಿದರೆ 11×15 ಅಂಗುಲದ ತುಂಡುಗಳು ಸಿಗುತ್ತವೆ, ಖರ್ಚೂ ಇಳಿಯುತ್ತದೆ. ಮಧ್ಯಮ ಒರಟಿನ ಕೋಲ್ಡ್ ಪ್ರೆಸ್ಡ್ ಕಾಗದ ಎಲ್ಲ ತಂತ್ರಗಳಿಗೂ ಹೊಂದುತ್ತದೆ. ಡ್ರೈ ಬ್ರಷ್‌ಗೆ ಮಾತ್ರ ರಫ್ ಎಂದು ಬರೆದಿರುವ ಕಾಗದ ಇನ್ನೂ ಉತ್ತಮ.

ಬಣ್ಣ. ಮೂರು ಸಾಕು: ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ, ಯೆಲ್ಲೊ ಓಕರ್. ಟ್ಯೂಬಿನ ಮೇಲಿನ ಹೆಸರಿಗಿಂತ ಸಣ್ಣ ಅಕ್ಷರದಲ್ಲಿರುವ ವರ್ಣದ್ರವ್ಯದ ಸಂಕೇತವನ್ನು ಓದಿ. ಅಲ್ಟ್ರಾಮರೀನ್‌ಗೆ ಪಿಬಿ 29, ಬರ್ಂಟ್ ಸಿಯೆನ್ನಾಗೆ ಸಾಮಾನ್ಯವಾಗಿ ಪಿಬಿಆರ್ 7, ಓಕರ್‌ಗೆ ಪಿವೈ 42 ಅಥವಾ ಪಿವೈ 43 ಇರುತ್ತದೆ. ಟ್ಯೂಬಿನ ಮೇಲೆ ಒಂದೇ ಒಂದು ಸಂಕೇತವಿರುವ ಬಣ್ಣಗಳು ಕಲಸಿದಾಗ ಬೇಗ ಕೆಸರಾಗುವುದಿಲ್ಲ. ಕೆಂಪು ಬೇಕೆನಿಸಿದಾಗ ಪಿಆರ್ 83 ಎಂದಿರುವ ಅಲಿಜರಿನ್ ಕ್ರಿಮ್ಸನ್ ಬೇಡ, ಅದು ಬೆಳಕಿಗೆ ಮಾಸುತ್ತದೆ. ಪಿವಿ 19 ಬಾಳಿಕೆ ಬರುತ್ತದೆ.

ಉಳಿದವು. 10 ಅಥವಾ 12ನೇ ನಂಬರಿನ ಒಂದು ದುಂಡು ಕುಂಚ, ಒಂದಂಗುಲದ ಒಂದು ಚಪ್ಪಟೆ ಕುಂಚ, ಡ್ರೈ ಬ್ರಷ್‌ಗೆ ಒಂದು ಹಳೆಯ ಕುಂಚ, ಎರಡು ನೀರಿನ ಪಾತ್ರೆ, ಬಣ್ಣ ಕಲಸಲು ಬಿಳಿ ಪಿಂಗಾಣಿ ತಟ್ಟೆ, ಒರಸಲು ಹಳೆಯ ಬೈರಾಸಿನ ತುಂಡು, ಹಲಗೆ, ನಾಲ್ಕು ಕ್ಲಿಪ್ಪು ಮತ್ತು ಒಂದು ಗಡಿಯಾರ. ಬಾವಿಯ ನೀರು ಪಾತ್ರೆಯ ತಳದಲ್ಲಿ ಹಳದಿ ಗಸಿ ಬಿಡುವಂಥದ್ದಾಗಿದ್ದರೆ ಅಥವಾ ಸಮುದ್ರದ ಬದಿಯಲ್ಲಿ ಉಪ್ಪಾಗಿದ್ದರೆ, ಫಿಲ್ಟರ್ ಮಾಡಿದ ಕುಡಿಯುವ ನೀರನ್ನೇ ಬಳಸಿ.

## 4. ಕಾಗದ ಬೂಷ್ಟು ಹಿಡಿಯುವ ಮೊದಲೇ ಪರೀಕ್ಷಿಸಿ

ಜಲವರ್ಣದ ಕಾಗದ ನೀರನ್ನು ತಟ್ಟನೆ ಹೀರದಂತೆ ಅದಕ್ಕೆ ಜೆಲಟಿನ್ ಅಥವಾ ಅಂಥದೇ ಅಂಟಿನ ಲೇಪವಿರುತ್ತದೆ. ಇದನ್ನೇ ಸೈಜಿಂಗ್ ಎನ್ನುತ್ತಾರೆ. ತೇವದ ಹವೆಯಲ್ಲಿ ಬಿಚ್ಚಿಟ್ಟ ಹಾಳೆಯಲ್ಲಿ ಈ ಲೇಪ ಅಲ್ಲಲ್ಲಿ ಸತ್ತುಹೋಗುತ್ತದೆ, ಮತ್ತು ಬರಿಗಣ್ಣಿಗೆ ಹಾಳೆ ಹೊಸದರಂತೆಯೇ ಕಾಣುತ್ತದೆ. ನಮ್ಮಲ್ಲಿ ಕೈಯ ತಪ್ಪೆಂದು ಭಾವಿಸಲಾಗುವ ಎಷ್ಟೋ ಕಲೆಗಳು ನಿಜವಾಗಿ ಕಾಗದದ ತಪ್ಪು.

ಹಾಳೆಯ ಮೂಲೆಯಲ್ಲಿ ಒಂದು ಹನಿ ನೀರಿಟ್ಟು ನೋಡಿ. ಹನಿ ಉಬ್ಬಿ ನಿಂತರೆ ಲೇಪ ಚೆನ್ನಾಗಿದೆ. ಇಟ್ಟೊಡನೆ ಇಂಗಿ ಕಪ್ಪಗಿನ ಮಚ್ಚೆಯಾದರೆ ಲೇಪ ಹೋಗಿದೆ. ಅಂಚಿನಲ್ಲಿ ಎರಡಂಗುಲ ಅಗಲಕ್ಕೆ ಬರಿಯ ನೀರು ಹಚ್ಚಿ ಬೆಳಕಿಗೆ ಓರೆಯಾಗಿ ಹಿಡಿದಾಗ ಚುಕ್ಕೆ ಚುಕ್ಕೆಯಾಗಿ ಕಪ್ಪಾದ ಜಾಗಗಳು ಕಂಡರೂ ಅರ್ಥ ಅದೇ. ಅಂಥ ಹಾಳೆಯನ್ನು ಎಸೆಯಬೇಕಾಗಿಲ್ಲ, ಪೆನ್ಸಿಲಿಗೆ ಅಥವಾ ಅಪಾರದರ್ಶಕ ಪೋಸ್ಟರ್ ಬಣ್ಣಕ್ಕೆ ಬಳಸಬಹುದು. ವಾಶ್‌ಗೆ ಮಾತ್ರ ಬೇಡ.

ಹೊಸ ಹಾಳೆಗಳನ್ನು ಮೇ ತಿಂಗಳ ಒಣ ದಿನಗಳಲ್ಲೇ ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ. ಮಳೆ ಹಿಡಿದ ಮೇಲೆ, ಆಗಲೇ ತೇವವಾದ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದು ದೊಡ್ಡ ತಪ್ಪು, ತೇವ ಒಳಗೇ ಉಳಿದು ಬೂಷ್ಟು ಇನ್ನೂ ಬೇಗ ಬರುತ್ತದೆ. ಬಣ್ಣದ ಪೆಟ್ಟಿಗೆಯ ವಿಷಯದಲ್ಲಿ ಕ್ರಮ ಇದಕ್ಕೆ ವಿರುದ್ಧ: ಕೆಲಸ ಮುಗಿದೊಡನೆ ಮುಚ್ಚಬೇಡಿ, ಬಣ್ಣದ ಬಿಲ್ಲೆಗಳು ಪೂರ್ತಿ ಒಣಗುವವರೆಗೆ ಫ್ಯಾನಿನ ಕೆಳಗೆ ತೆರೆದಿಡಿ. ಬಿಲ್ಲೆಯ ಮೇಲೆ ಬಿಳಿ ಎಳೆ ಕಂಡರೆ ಒದ್ದೆ ಹತ್ತಿಯಿಂದ ಮೇಲ್ಪದರವನ್ನು ಒರಸಿ ತೆಗೆದು ಒಣಗಿಸಿ. ವಾಸನೆ ಬರುವಷ್ಟು ಕೆಟ್ಟಿದ್ದರೆ ಆ ಬಿಲ್ಲೆಯನ್ನೇ ಬಿಸಾಡಿ.

## 5. ಒದ್ದೆಯ ಹಂತಗಳನ್ನು ಗುರುತಿಸಲು ಕಲಿಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಮಾಡುವಷ್ಟು ಮಾತ್ರ ಸಮಯವಿದೆ ಎನ್ನುವವರು ಇದನ್ನೇ ಮಾಡಲಿ. ನೀರು ಹಚ್ಚಿದ ಕಾಗದ ಒಣಗುವವರೆಗೆ ಐದು ಸ್ಥಿತಿಗಳನ್ನು ದಾಟುತ್ತದೆ, ಮತ್ತು ಒಂದೊಂದರಲ್ಲೂ ಬಣ್ಣ ಒಂದೊಂದು ರೀತಿ ವರ್ತಿಸುತ್ತದೆ.

ಮೊದಲನೆಯದರಲ್ಲಿ ನೀರು ಕೆರೆಯಾಗಿ ನಿಂತಿರುತ್ತದೆ, ಹಲಗೆ ಓರೆ ಮಾಡಿದರೆ ಹರಿಯುತ್ತದೆ. ಈಗ ಹಾಕಿದ ಬಣ್ಣ ನಿಮ್ಮ ಮಾತು ಕೇಳುವುದಿಲ್ಲ, ಎಲ್ಲಿ ನೀರು ಹೋಗುತ್ತದೋ ಅಲ್ಲಿಗೆ ಹೋಗುತ್ತದೆ. ಎರಡನೆಯದರಲ್ಲಿ ನೀರು ಹರಿಯುವುದಿಲ್ಲ, ಆದರೆ ಇಡೀ ಹಾಳೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಬಣ್ಣ ಅಗಲವಾಗಿ, ಮೃದುವಾಗಿ ಹರಡುತ್ತದೆ. ಆಕಾಶಕ್ಕೆ ಇದು ಸರಿಯಾದ ಹೊತ್ತು.

ಮೂರನೆಯ ಸ್ಥಿತಿಯಲ್ಲಿ ಹೊಳಪು ಮಾಸಿ ಮಂದವಾದ ಮಿನುಗು ಮಾತ್ರ ಉಳಿಯುತ್ತದೆ. ದೂರದ ಗುಡ್ಡೆ, ಮಂಜಿನ ಮರ, ಮೃದು ಅಂಚಿನ ಆಕಾರ ಎಲ್ಲಕ್ಕೂ ಇದೇ ಸಮಯ. ಬಣ್ಣ ಸ್ವಲ್ಪ ಹರಡುತ್ತದೆ, ಆದರೆ ಇಟ್ಟ ಆಕಾರವನ್ನು ಉಳಿಸಿಕೊಳ್ಳುತ್ತದೆ. ನಾಲ್ಕನೆಯದು ಅಪಾಯದ ಸ್ಥಿತಿ. ಹೊಳಪು ಪೂರ್ತಿ ಹೋಗಿರುತ್ತದೆ, ಒಣಗಿದೆ ಎಂದೇ ಅನಿಸುತ್ತದೆ, ಆದರೆ ಬೆರಳಿನ ಹಿಂಬದಿ ತಾಗಿಸಿದರೆ ತಣ್ಣಗಿರುತ್ತದೆ. ಹರಕು ಅಂಚಿನ ಕಲೆಗಳು ಹುಟ್ಟುವುದು ಮುಖ್ಯವಾಗಿ ಇಲ್ಲಿ: ಹೊಸದಾಗಿ ಬಂದ ನೀರು, ಅರ್ಧ ಒಣಗಿದ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ರಾಶಿ ಹಾಕುತ್ತದೆ. ಐದನೆಯದರಲ್ಲಿ ಕಾಗದ ಕೈಗೆ ಕೋಣೆಯ ಗಾಳಿಯಷ್ಟೇ ಬೆಚ್ಚಗೆ ತಾಗುತ್ತದೆ. ಆಗ ಮಾತ್ರ ಅದು ಒಣಗಿದೆ ಎಂದು ಹೇಳಬಹುದು.

ಹೊಳಪನ್ನು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಕಣ್ಣನ್ನು ಹಲಗೆಯ ಮಟ್ಟಕ್ಕೆ ಇಳಿಸಿ, ಕಿಟಕಿಯ ಬೆಳಕಿಗೆ ಎದುರಾಗಿ ಓರೆಯಿಂದ ನೋಡಬೇಕು. ಮಳೆಗಾಲದಲ್ಲಿ ಮೂರನೆಯ ಮತ್ತು ನಾಲ್ಕನೆಯ ಸ್ಥಿತಿಗಳು ಬಹಳ ಹೊತ್ತು ಎಳೆಯುತ್ತವೆ. ಮೂರನೆಯದು ಉದ್ದವಾಗುವುದು ಲಾಭ, ನಾಲ್ಕನೆಯದು ಉದ್ದವಾಗುವುದರಿಂದಲೇ ತಾಳ್ಮೆಗೆಟ್ಟು ಕುಂಚ ಎತ್ತುವವರ ಚಿತ್ರ ಕೆಡುತ್ತದೆ.

ಇಲ್ಲಿ ಒಂದೇ ನಿಯಮವನ್ನು ಕಂಠಪಾಠ ಮಾಡಿಕೊಳ್ಳಿ: ಕಾಗದದ ಮೇಲೆ ಇರುವುದಕ್ಕಿಂತ ಕುಂಚದಲ್ಲಿ ನೀರು ಕಡಿಮೆ ಇರಬೇಕು. ಕಾಗದ ಒಣಗುತ್ತಾ ಹೋದಂತೆ ಬಣ್ಣ ಗಟ್ಟಿಯಾಗುತ್ತಾ ಹೋಗಬೇಕು. ಕುಂಚವನ್ನು ಬಣ್ಣದಲ್ಲಿ ಅದ್ದಿದ ಮೇಲೆ ಅದರ ಬುಡವನ್ನು ಬೈರಾಸಿಗೆ ಒಮ್ಮೆ ಒತ್ತಿ ಹೆಚ್ಚಿನ ನೀರು ತೆಗೆಯುವ ಅಭ್ಯಾಸ ಕೈಗೆ ಹತ್ತಿದರೆ ಅರ್ಧದಷ್ಟು ಕಲೆಗಳು ನಿಲ್ಲುತ್ತವೆ.

## 6. ಪಟ್ಟಿಗಳ ಮೇಲೆ ಪ್ರಯೋಗ, ಒಂದೊಂದೇ ಬದಲಾವಣೆ

ಚಿತ್ರಕ್ಕೆ ಬಳಸುವ ಕಾಗದದಲ್ಲೇ ಎರಡಂಗುಲ ಅಗಲ, ಆರಂಗುಲ ಉದ್ದದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಅಗ್ಗದ ಕಾಗದದ ಮೇಲೆ ಅಭ್ಯಾಸ ಮಾಡಿ ಒಳ್ಳೆಯ ಕಾಗದದ ಮೇಲೆ ಚಿತ್ರ ಬರೆಯುವ ಉಳಿತಾಯ ನಿಷ್ಫಲ, ಏಕೆಂದರೆ ಒಂದರಲ್ಲಿ ಕಲಿತ ಸಮಯ ಇನ್ನೊಂದಕ್ಕೆ ಹೊಂದುವುದಿಲ್ಲ.

ಐದು ಪಟ್ಟಿಗಳಿಗೂ ಒಟ್ಟಿಗೆ ನೀರು ಹಚ್ಚಿ, ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಒಂದೊಂದು ಸ್ಥಿತಿ ಬಂದಾಗ ಒಂದೊಂದು ಪಟ್ಟಿಯ ಮೇಲೆ ಅದೇ ಗಟ್ಟಿತನದ ಅಲ್ಟ್ರಾಮರೀನ್‌ನಿಂದ ಒಂದು ಅಡ್ಡ ಗೆರೆ ಎಳೆಯಿರಿ. ನೀರು ಹಚ್ಚಿ ಎಷ್ಟು ನಿಮಿಷವಾಗಿತ್ತು, ಫ್ಯಾನು ಇತ್ತೇ, ಹೊರಗೆ ಮಳೆ ಇತ್ತೇ ಎಂಬುದನ್ನು ಪಟ್ಟಿಯ ಹಿಂಬದಿಗೆ ಪೆನ್ಸಿಲಿನಿಂದ ಬರೆಯಿರಿ. ಪೂರ್ತಿ ಒಣಗಿದ ಮೇಲೆ ಐದನ್ನೂ ಸಾಲಾಗಿ ಇಟ್ಟು ನೋಡಿದರೆ, ನಿಮ್ಮ ಮನೆಯ, ನಿಮ್ಮ ಕಾಗದದ, ಆ ತಿಂಗಳಿನ ಗಡಿಯಾರ ನಿಮ್ಮ ಕೈಯಲ್ಲಿರುತ್ತದೆ. ಬಣ್ಣ ಒಣಗಿದಾಗ ತೆಳುವಾಗುವುದರಿಂದ, ಹಚ್ಚುವಾಗ ಎಷ್ಟು ಗಾಢ ಹಿಡಿಯಬೇಕು ಎಂಬ ಅಂದಾಜೂ ಇದರಿಂದಲೇ ಸಿಗುತ್ತದೆ.

ಮರುದಿನ ಒಂದನ್ನು ಮಾತ್ರ ಬದಲಿಸಿ: ಫ್ಯಾನು ಹಾಕಿ, ಅಥವಾ ಬಣ್ಣವನ್ನು ಗಟ್ಟಿ ಮಾಡಿ, ಅಥವಾ ಅಲ್ಟ್ರಾಮರೀನ್ ಬದಲು ಬರ್ಂಟ್ ಸಿಯೆನ್ನಾ ಹಿಡಿಯಿರಿ. ಎರಡನ್ನು ಒಟ್ಟಿಗೆ ಬದಲಿಸಿದ ಪಟ್ಟಿ ಏನನ್ನೂ ಹೇಳಲಾರದು. ಬೇರೆ ಬೇರೆ ದಿನಗಳಲ್ಲಿ ಸತತವಾಗಿ ಮೂರು ಸಲ, ನೀವು ಮೊದಲೇ ಹೇಳಿದ ಫಲಿತಾಂಶವೇ ಬಂದರೆ ಆ ತಂತ್ರವನ್ನು ಚಿತ್ರಕ್ಕೆ ಒಯ್ಯಲು ನೀವು ಸಿದ್ಧ. ಅಲ್ಲಿಯವರೆಗೆ ಆತುರ ಬೇಡ.

ಹೇರ್ ಡ್ರೈಯರ್ ಬಗ್ಗೆ ಒಂದು ಎಚ್ಚರಿಕೆ. ಹೊಳಪು ಇರುವಾಗ ಅದನ್ನು ಹಿಡಿದರೆ ಗಾಳಿ ನೀರನ್ನು ಒಂದು ಬದಿಗೆ ತಳ್ಳಿ ಗೆರೆ ಮೂಡಿಸುತ್ತದೆ. ಹೊಳಪು ಹೋದ ಮೇಲೆ, ಒಂದಡಿ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಬಳಸಬಹುದು. ಒಣಗಿಸಿದ ಕೂಡಲೇ ಕಾಗದ ಬಿಸಿಯಾಗಿರುವುದರಿಂದ ಬೆರಳಿನ ಪರೀಕ್ಷೆ ಮೋಸ ಮಾಡುತ್ತದೆ. ಆರಿದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿ.

## 7. ಪಟ್ಟಿಯಿಂದ ಚಿತ್ರಕ್ಕೆ: ಪದವಿನ ಮೇಲಿಂದ ಕಾಣುವ ಗುಡ್ಡೆಗಳು

ಮಳೆ ಬಿಟ್ಟ ಹೊತ್ತಿನಲ್ಲಿ ಯಾವುದೇ ಪದವಿನ (ಗುಡ್ಡೆಯ ಮೇಲಿನ ಬಯಲಿನ) ಅಂಚಿಗೆ ನಿಂತರೆ ಪೂರ್ವಕ್ಕೆ ಗುಡ್ಡೆಗಳ ಸಾಲು, ನಡುವಿನ ತಗ್ಗಿನಲ್ಲಿ ಮಂಜು, ಎದುರಿಗೆ ಅಡಿಕೆ ತೋಟದ ತಲೆಗಳು ಕಾಣುತ್ತವೆ. ಮೊದಲ ಹಂತದ ಗುರಿಗೆ ಇದಕ್ಕಿಂತ ತಕ್ಕ ವಸ್ತು ಬೇಡ.

ಪೆನ್ಸಿಲಿನಿಂದ ಮೂರು ಗುಡ್ಡೆಗಳ ಅಂಚನ್ನು ಮಾತ್ರ ತೆಳುವಾಗಿ ಗುರುತಿಸಿ. ರಬ್ಬರಿನಿಂದ ಗಟ್ಟಿಯಾಗಿ ಉಜ್ಜಿದ ಜಾಗದಲ್ಲಿ ಲೇಪ ಹರಿದು ಬಣ್ಣ ಕಪ್ಪಾಗಿ ಇಂಗುವುದರಿಂದ, ತಪ್ಪಿದ ಗೆರೆಯನ್ನು ಹಾಗೇ ಬಿಡುವುದು ಮೇಲು. ಹಲಗೆಯ ಮೇಲ್ಬದಿಗೆ ಒಂದು ಪುಸ್ತಕವಿಟ್ಟು ಸ್ವಲ್ಪ ಓರೆ ಮಾಡಿ, ಚಪ್ಪಟೆ ಕುಂಚದಿಂದ ಹಾಳೆಯ ಮುಂಬದಿಗೆ ಮಾತ್ರ ಸಮನಾಗಿ ನೀರು ಹಚ್ಚಿ. ಅಂಚುಗಳಲ್ಲಿ ನಿಂತ ನೀರನ್ನು ಬೈರಾಸಿನಿಂದ ಹೀರಿ ತೆಗೆಯಿರಿ. ಇದನ್ನು ಮರೆತರೆ ಆ ನೀರು ಅರ್ಧ ಗಂಟೆಯ ಮೇಲೆ ಚಿತ್ರದೊಳಗೆ ಹಿಂದೆ ಹರಿದು ಬರುತ್ತದೆ.

ಹಾಳೆ ಪೂರ್ತಿ ಹೊಳೆಯುತ್ತಿರುವಾಗ, ತೆಳುವಾದ ಅಲ್ಟ್ರಾಮರೀನ್‌ಗೆ ಚೂರು ಬರ್ಂಟ್ ಸಿಯೆನ್ನಾ ಸೇರಿಸಿದ ಬೂದು ಬಣ್ಣವನ್ನು ಆಕಾಶಕ್ಕೆ ಹಚ್ಚಿ, ಕೆಳಕ್ಕೆ ಬಂದಂತೆ ತಿಳಿಯಾಗಿಸಿ. ಹೊಳಪು ಮಾಸುವವರೆಗೆ ಕುಂಚ ಕೆಳಗಿಡಿ. ಮೂರನೆಯ ಸ್ಥಿತಿ ಬಂದಾಗ ಅದೇ ಮಿಶ್ರಣವನ್ನು ಸ್ವಲ್ಪ ಗಟ್ಟಿ ಮಾಡಿ ದೂರದ ಗುಡ್ಡೆಯನ್ನು ಒಂದೇ ಎಳೆತದಲ್ಲಿ ಹಾಕಿ. ಅದರ ನೆತ್ತಿ ತಾನಾಗಿ ಮೃದುವಾಗುತ್ತದೆ. ಮಿನುಗು ಪೂರ್ತಿ ಆರುವ ಮೊದಲು, ಇನ್ನೂ ಗಟ್ಟಿಯಾದ, ಓಕರ್ ಬೆರೆಸಿ ಹಸಿರಿಗೆ ತಿರುಗಿಸಿದ ಮಿಶ್ರಣದಿಂದ ಎರಡನೆಯ ಗುಡ್ಡೆಯನ್ನು ಹಾಕಿ ಅದರ ಬುಡವನ್ನು ಒಣ ಕುಂಚದಿಂದ ಹೀರಿ ಎತ್ತಿದರೆ ತಗ್ಗಿನ ಮಂಜು ಬರುತ್ತದೆ.

ಇಲ್ಲಿ ನಿಲ್ಲಿಸಬೇಕು. ಜುಲೈ ತಿಂಗಳಲ್ಲಿ ಮೂರನೆಯ ಗುಡ್ಡೆಯನ್ನು ಮರುದಿನಕ್ಕೆ ಬಿಡುವುದೇ ಕ್ಷೇಮ. ಹಾಳೆ ಪೂರ್ತಿ ಒಣಗಿದ ಮೇಲೆ ಅದನ್ನು ಹಾಕಿ, ನೆತ್ತಿಯ ಗೆರೆಯನ್ನು ಸ್ಪಷ್ಟವಾಗಿ ಉಳಿಸಿ, ಕೆಳಗಿನ ಅಂಚನ್ನು ಬರಿಯ ನೀರಿನ ಕುಂಚದಿಂದ ಕರಗಿಸಿ.

ಅಡಿಕೆ ಮರಗಳು ಕೊನೆಗೆ. ಇಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ಅಡಿಕೆಯನ್ನು ತೆಂಗಿನಂತೆ ಬರೆಯುವುದು. ತೆಂಗಿನ ಬುಡ ದಪ್ಪ, ಕಾಂಡ ಬಾಗುತ್ತದೆ, ತಲೆ ಅಗಲ. ಅಡಿಕೆಯ ಕಾಂಡ ಬುಡದಿಂದ ತಲೆಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ, ನೇರ, ಕೆಳಗೆ ಬೂದು, ಸೋಗೆಗಳ ಬುಡದಲ್ಲಿ ನುಣುಪಾದ ಹಸಿರು, ಮೈಮೇಲೆ ಅಡಿಕೆಹಾಳೆ ಕಳಚಿದ ಉಂಗುರದ ಗುರುತುಗಳು. ಹತ್ತಿರದ ನಾಲ್ಕೈದು ಕಾಂಡಗಳಿಗೆ ಮಾತ್ರ ಈ ಉಂಗುರಗಳನ್ನು ಕೊಡಿ, ಹಿಂದಿನವು ಬರಿಯ ಗೆರೆಗಳಾಗಿ ಮಸುಕಿನಲ್ಲಿ ನಿಲ್ಲಲಿ. ಟ್ಯೂಬಿನ ಹಸಿರನ್ನು ನೇರವಾಗಿ ಹಚ್ಚಬೇಡಿ, ನಮ್ಮ ಮಳೆಗಾಲದ ಹಸಿರಿಗೆ ಸದಾ ಒಂದಿಷ್ಟು ಕಂದು ಬೆರೆತಿರುತ್ತದೆ.

## 8. ಗ್ಲೇಜಿಂಗ್: ಕತ್ತಲನ್ನು ಪದರಗಳಲ್ಲಿ ಕಟ್ಟುವುದು

ಗುಡ್ಡೆಯ ಮೈಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗದ ಬಾಯಿ ಈ ತಂತ್ರಕ್ಕೆ ಒಳ್ಳೆಯ ಅಭ್ಯಾಸ. ಕಪ್ಪು ಟ್ಯೂಬನ್ನು ತೆಗೆದು ಒಂದೇ ಸಲ ಬಳಿದರೆ ಅದು ಗೋಡೆಗೆ ಅಂಟಿಸಿದ ಕಾಗದದ ತುಂಡಿನಂತೆ ಚಪ್ಪಟೆಯಾಗುತ್ತದೆ. ಬದಲಾಗಿ ಬರ್ಂಟ್ ಸಿಯೆನ್ನಾದ ತೆಳು ಪದರವನ್ನು ಬಾಯಿಗೂ ಸುತ್ತಲಿನ ಮಣ್ಣಿಗೂ ಹಚ್ಚಿ ಒಣಗಲು ಬಿಡಿ, ಬಾಯಿಯ ಅಂಚಿನಿಂದ ಸ್ವಲ್ಪ ಒಳಕ್ಕೆ ಅಲ್ಟ್ರಾಮರೀನ್ ಬೆರೆಸಿದ ಎರಡನೆಯ ಪದರ ಕೊಡಿ, ಇನ್ನೂ ಒಳಕ್ಕೆ ನೀಲಿ ಹೆಚ್ಚಿರುವ ಮೂರನೆಯದನ್ನು ಕೊಡಿ. ಅಂಚಿನ ಬೆಚ್ಚಗಿನ ಕೆಂಪು ಉಳಿದುಕೊಂಡು ಕಣ್ಣು ಒಳಗೆ ಹೋಗುತ್ತದೆ.

ಪ್ರತಿ ಪದರದ ನಡುವೆ ಬೆರಳಿನ ಹಿಂಬದಿಯ ಪರೀಕ್ಷೆ ಕಡ್ಡಾಯ. ಮೃದುವಾದ ದೊಡ್ಡ ಕುಂಚದಿಂದ ಒಮ್ಮೆ ಎಳೆದ ಜಾಗದ ಮೇಲೆ ಮತ್ತೆ ಕುಂಚ ಆಡಿಸಬಾರದು. ಮೂರು ಪದರಗಳ ಮೇಲೂ ಗಾಢವಾಗದಿದ್ದರೆ, ನಾಲ್ಕನೆಯದನ್ನು ಹಚ್ಚುವ ಬದಲು ಮೊದಲ ಪದರಗಳೇ ತೀರಾ ತೆಳುವಾಗಿದ್ದವು ಎಂದು ತಿಳಿದು ಮುಂದಿನ ಪಟ್ಟಿಯಲ್ಲಿ ಸರಿಪಡಿಸಿಕೊಳ್ಳಿ.

## 9. ಡ್ರೈ ಬ್ರಷ್: ಮುರಕಲ್ಲಿನ ಗೋಡೆ

ಬೇಕಲದ ಕೋಟೆ ಮುರಕಲ್ಲಿನದು (ಜಂಬಿಟ್ಟಿಗೆಯದು), ಮತ್ತು ಮುರಕಲ್ಲಿನ ತೂತುತೂತಾದ ಮೈಗೂ ರಫ್ ಕಾಗದದ ಉಬ್ಬುತಗ್ಗುಗಳಿಗೂ ಚೆನ್ನಾಗಿ ಹೊಂದುತ್ತದೆ. ಕೋಟೆ ಸಮುದ್ರಕ್ಕೆ ಮುಖ ಮಾಡಿರುವುದರಿಂದ ಭೂಮಿಯ ಬದಿಯ ಗೋಡೆಗಳಿಗೆ ಬೆಳಗಿನ ಬೆಳಕು, ಕಡಲ ಬದಿಯವಕ್ಕೆ ಸಂಜೆಯ ಬೆಳಕು ಎಂದು ಲೆಕ್ಕ ಹಾಕಿ ಹೊರಡಿ. ಗಾಳಿಗೆ ಹಾಳೆ ಏಳದಂತೆ ನಾಲ್ಕೂ ಬದಿಗೆ ಕ್ಲಿಪ್ಪು ಬೇಕು.

ಮೊದಲು ಓಕರ್ ಮತ್ತು ಬರ್ಂಟ್ ಸಿಯೆನ್ನಾದ ತೆಳು ವಾಶನ್ನು ಇಡೀ ಗೋಡೆಗೆ ಹಚ್ಚಿ, ಒದ್ದೆಯಿರುವಾಗಲೇ ನೆರಳಿನ ಕಡೆ ಅಲ್ಟ್ರಾಮರೀನ್ ಇಳಿಸಿ, ಪೂರ್ತಿ ಒಣಗಲು ಬಿಡಿ. ಬಳಿಕ ಹಳೆಯ ಕುಂಚಕ್ಕೆ ಗಟ್ಟಿಯಾದ ಬರ್ಂಟ್ ಸಿಯೆನ್ನಾ ತುಂಬಿ, ಬೈರಾಸಿಗೆ ಎರಡೂ ಬದಿ ಒರಸಿ, ಕುಂಚವನ್ನು ಕಾಗದಕ್ಕೆ ಹೆಚ್ಚುಕಡಿಮೆ ಮಲಗಿಸಿ ಬೇಗನೆ ಎಳೆಯಿರಿ. ತುದಿಯಿಂದ ಎಳೆದರೆ ಗೆರೆ ಬರುತ್ತದೆ, ಹೊಟ್ಟೆಯಿಂದ ಎಳೆದರೆ ಕಲ್ಲು ಬರುತ್ತದೆ. ಮೊದಲ ಎಳೆತವನ್ನು ಸದಾ ಒಂದು ಪಟ್ಟಿಯ ಮೇಲೆ ಮಾಡಿ ನೋಡಿ. ಅಲ್ಲಿ ಬಿಳಿ ಚುಕ್ಕೆಗಳು ಉಳಿಯದಿದ್ದರೆ ಕುಂಚದಲ್ಲಿ ಇನ್ನೂ ನೀರಿದೆ.

ಕಲ್ಲಿನ ತೂತುಗಳನ್ನು ಕುಂಚದ ತುದಿಯಿಂದ ಒಂದೊಂದಾಗಿ ಚುಕ್ಕೆಯಿಡುವುದು, ಪ್ರತಿ ಕಲ್ಲಿನ ಸಂದನ್ನೂ ಗೆರೆ ಹಾಕಿ ತೋರಿಸುವುದು ಇಲ್ಲಿನ ಸಾಮಾನ್ಯ ತಪ್ಪುಗಳು. ಬೆಳಕು ಮತ್ತು ನೆರಳು ಸೇರುವ ಕಡೆ ಏಳೆಂಟು ಸಂದುಗಳನ್ನು ಸೂಚಿಸಿದರೆ ಉಳಿದದ್ದನ್ನು ನೋಡುವವರೇ ಪೂರೈಸಿಕೊಳ್ಳುತ್ತಾರೆ. ಮಳೆಗಾಲ ಕಳೆದು ಹೆಚ್ಚು ದಿನವಾಗಿರದಿದ್ದರೆ ಗೋಡೆಯ ಮೇಲೆ ಪಾಚಿ ಒಣಗಿದ ಕಪ್ಪು ಇಳಿಗೆರೆಗಳಿರುತ್ತವೆ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಸಮಪಾಲು ಬೆರೆಸಿದರೆ ಆ ಕಪ್ಪು ಸಿಗುತ್ತದೆ.

## 10. ಮಾಸ್ಕಿಂಗ್ ಫ್ಲೂಯಿಡ್ ಮತ್ತು ಉಪ್ಪು: ಎಚ್ಚರದಿಂದ

ಬಿಳಿ ಜಾಗ ಉಳಿಸಲು ಹಚ್ಚುವ ಮಾಸ್ಕಿಂಗ್ ಫ್ಲೂಯಿಡ್ ಹೆಚ್ಚಾಗಿ ಅಮೋನಿಯ ಸೇರಿಸಿದ ರಬ್ಬರು ಹಾಲು. ರಬ್ಬರು ತೋಟವಿರುವವರು ಮರದ ಹಾಲನ್ನೇ ಬಳಸಬಹುದಲ್ಲ ಎಂದು ಕೇಳುವುದುಂಟು. ಅದು ಬೇಗ ಗಟ್ಟಿಯಾಗಿ ಉಂಡೆಗಟ್ಟುವುದರಿಂದ ಆ ಯೋಚನೆ ಬೇಡ. ಪೂರ್ತಿ ಒಣಗಿದ ಕಾಗದದ ಮೇಲೆ ಮಾತ್ರ ಹಚ್ಚಿ, ತೇವದ ಕಾಗದದ ಮೇಲೆ ಹಚ್ಚಿದರೆ ತೆಗೆಯುವಾಗ ಮೇಲ್ಪದರವೇ ಕಿತ್ತುಬರುತ್ತದೆ. ಕುಂಚವನ್ನು ಮೊದಲು ಸೋಪಿನ ನೀರಿನಲ್ಲಿ ಅದ್ದಿಕೊಳ್ಳಿ, ಕಿಟಕಿ ತೆರೆದಿರಲಿ, ಡ್ರೈಯರ್ ಮತ್ತು ಬಿಸಿಲು ತಾಗಿಸಬೇಡಿ, ಚಿತ್ರ ಒಣಗಿದ ಮೇಲೆ ಒಂದೆರಡು ದಿನದೊಳಗೆ ಬೆರಳಿನಿಂದ ಉಜ್ಜಿ ತೆಗೆಯಿರಿ.

ಒದ್ದೆ ಬಣ್ಣದ ಮೇಲೆ ಕಲ್ಲುಪ್ಪು ಉದುರಿಸಿ ನಕ್ಷತ್ರದಂಥ ಗುರುತು ಪಡೆಯುವ ತಂತ್ರವನ್ನು ಮಳೆಗಾಲದಲ್ಲಿ ಮಾಡದಿರುವುದೇ ಒಳ್ಳೆಯದು. ಹೊಳಪು ಮಾಸತೊಡಗುವ ಆ ಸಣ್ಣ ಹೊತ್ತಿನಲ್ಲಿ ಉಪ್ಪು ಬೀಳಬೇಕು, ಆದರೆ ಒಣಗದ ಹವೆಯಲ್ಲಿ ಅದು ಕರಗಿ ಎಲ್ಲ ಕಡೆ ಮಸುಕಾಗುತ್ತದೆ. ಕಾಗದದಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಕರಾವಳಿಯಲ್ಲಿ ಅಂಥ ಚಿತ್ರಗಳ ಬಾಳಿಕೆಯೂ ಕಡಿಮೆ. ನನಗಂತೂ ಇದು ಕಲಿಯಲೇಬೇಕಾದ ತಂತ್ರವೆಂದು ಅನಿಸಿಲ್ಲ.

## 11. ಯಾವಾಗ ಕುಂಚ ಕೆಳಗಿಡಬೇಕು

ನೀರಿನ ಪಾತ್ರೆ ಎರಡೂ ಕಂದಾಗಿದ್ದರೆ, ತಟ್ಟೆಯ ಮೇಲಿನ ಎಲ್ಲ ಮಿಶ್ರಣಗಳೂ ಒಂದೇ ಬೂದಾಗಿದ್ದರೆ, ಕಾಗದದ ಮೇಲೆ ಸಣ್ಣ ಸಣ್ಣ ಎಳೆಗಳು ಏಳತೊಡಗಿದರೆ ಅಂದಿನ ಕೆಲಸ ಮುಗಿಯಿತೆಂದೇ ತಿಳಿಯಿರಿ. ಎಳೆ ಎದ್ದ ಕಾಗದ ಸರಿಯಾಗುವುದಿಲ್ಲ. ಅಂಚಿನ ಕಲೆಯೊಂದು ಹುಟ್ಟಿದ್ದು ಕಂಡರೆ ಒದ್ದೆಯಲ್ಲೇ ತಿದ್ದಲು ಹೋಗಬೇಡಿ. ಪೂರ್ತಿ ಒಣಗಿದ ಮೇಲೆ ಅಂಚನ್ನು ಒದ್ದೆ ಕುಂಚದಿಂದ ನಯವಾಗಿ ಸವರಿ ಬೈರಾಸಿನಿಂದ ಒತ್ತಿದರೆ ಬಹಳಷ್ಟು ಮೃದುವಾಗುತ್ತದೆ. ಪಿಬಿ 15 ಸಂಕೇತದ ಥ್ಯಾಲೊ ನೀಲಿಯಂಥ, ಕಾಗದಕ್ಕೆ ಕಚ್ಚಿಕೊಳ್ಳುವ ಬಣ್ಣಗಳಲ್ಲಿ ಇದು ನಡೆಯುವುದಿಲ್ಲ. ಪ್ರಯೋಗದ ಆರಂಭದಲ್ಲಿ ಅವನ್ನು ದೂರವಿಡಬೇಕೆನ್ನುವುದು ಇದಕ್ಕಾಗಿಯೇ.

## 12. ಪಟ್ಟಿಗಳನ್ನೂ ಚಿತ್ರಗಳನ್ನೂ ಕಾಪಾಡುವುದು

ಪಟ್ಟಿಗಳನ್ನು ತಿಂಗಳ ಪ್ರಕಾರ ಜೋಡಿಸಿ, ಕಾಗದದ ಪೆಟ್ಟಿಗೆಯಲ್ಲೇ ಸಿಲಿಕಾ ಜೆಲ್ ಜೊತೆ ಇಡಿ. ಮುಂದಿನ ವರ್ಷದ ಜೂನ್‌ನಲ್ಲಿ ಕೆಲಸ ಆರಂಭಿಸುವ ಮೊದಲು ಅವನ್ನು ತೆಗೆದು ನೋಡಿದರೆ ಮೊದಲಿನಿಂದ ಕಲಿಯುವ ಅಗತ್ಯ ಬೀಳುವುದಿಲ್ಲ. ಕುಂಚಗಳನ್ನು ತೊಳೆದ ಮೇಲೆ ಅಡ್ಡವಾಗಿ ಮಲಗಿಸಿ ಒಣಗಿಸಿ. ಕೂದಲು ಮೇಲಾಗಿ ನಿಲ್ಲಿಸಿದರೆ ನೀರು ಹಿಡಿಕೆಗೆ ಇಳಿದು ಅಂಟು ಸಡಿಲವಾಗುತ್ತದೆ.

ಗೋಡೆಗೆ ಹಾಕುವ ಚಿತ್ರಕ್ಕೆ ಗಾಜು ನೇರವಾಗಿ ತಾಗಬಾರದು. ನಡುವೆ ದಪ್ಪ ಮೌಂಟ್ ಬೋರ್ಡಿನ ಚೌಕಟ್ಟು ಕೊಡಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಗಾಜಿನ ಒಳಬದಿಯ ತೇವಕ್ಕೆ ಬಣ್ಣ ಅಂಟಿಕೊಳ್ಳುತ್ತದೆ. ಹಿಂಬದಿಗೆ ನಾಲ್ಕೂ ಮೂಲೆಯಲ್ಲಿ ಬೆಂಡಿನ ಅಥವಾ ರಬ್ಬರಿನ ಸಣ್ಣ ತುಂಡು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಮಳೆಯ ಎರಚಲು ಹೊಡೆಯುವ ಪಡುವಣ ದಿಕ್ಕಿನ ಹೊರಗೋಡೆಯನ್ನು ಬಿಟ್ಟು, ನೇರ ಬಿಸಿಲು ಬೀಳದ ಒಳಗೋಡೆಯ ಮೇಲೆ ತೂಗುಹಾಕಿ.